ಸೂಜಿ ಚುಚ್ಚುವ ಮೊದಲು ಹೇಳಬೇಕಾದ ಮಾತು

ಕಾಯಿ ಸುಲಿಯುವ ಜಾಗದಲ್ಲಿ ಬರಿಗಾಲಲ್ಲಿ ಓಡಾಡುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೊಸದೇನಲ್ಲ. ಇಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವ ನಮ್ಮ ಬಂಧುವೊಬ್ಬರ ಪಾದಕ್ಕೆ ಕರಟದ ಚೂರು ಚುಚ್ಚಿತು. ಸಕ್ಕರೆ ಕಾಯಿಲೆಯವರು. ಆದರೂ ನಾಲ್ಕು ದಿನ ಅರಿಶಿನ ಹಚ್ಚಿಕೊಂಡು ಕೂತರು. ಐದನೇ ದಿನ ಕಾಲು ಊದಿ, ಜ್ವರ ಏರಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ಬರೆದದ್ದು ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಇಂಜೆಕ್ಷನ್.

"ಯಾವುದಾದರೂ ಔಷಧಿ ಅಲರ್ಜಿ ಇದೆಯಾ?" ಅಂತ ನರ್ಸ್ ಕೇಳಿದರು. "ಏನೂ ಇಲ್ಲ" ಎಂದು ಪಕ್ಕದಲ್ಲಿ ನಿಂತು ಉತ್ತರ ಕೊಟ್ಟವರು ನಾವೇ. ಡ್ರಿಪ್ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಮೈಯೆಲ್ಲ ತುರಿಕೆ, ತುಟಿ ಊದಿತು, ಉಸಿರಾಡಲು ಕಷ್ಟವಾಯಿತು. ಅವರು ತಕ್ಷಣ ಡ್ರಿಪ್ ನಿಲ್ಲಿಸಿ ಅಡ್ರಿನಲಿನ್ ಕೊಟ್ಟರು. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು. ಆಮೇಲೆ ಅವರ ಮನೆಯವರಿಗೆ ನೆನಪಾಯಿತು, ಹಿಂದೆ ಹಲ್ಲುನೋವಿಗೆ ಅಮಾಕ್ಸಿಸಿಲಿನ್ ನುಂಗಿದಾಗಲೂ ದದ್ದು ಎದ್ದಿತ್ತಂತೆ. ಉಷ್ಣ ಅಂದುಕೊಂಡು ಎಳನೀರು ಕುಡಿಸಿದ್ದರಂತೆ!

ಅಮಾಕ್ಸಿಸಿಲಿನ್, ಪೈಪರಾಸಿಲಿನ್ ಎರಡೂ ಪೆನಿಸಿಲಿನ್ ಕುಟುಂಬದವು. ಒಂದು ಆಗದವರಿಗೆ ಇನ್ನೊಂದೂ ಅಪಾಯ ತರಬಹುದು. ಜೊತೆಗಿರುವ ಟಾಜೊಬ್ಯಾಕ್ಟಮ್‌ನ ಕೆಲಸ ಬೇರೆ. ಕೆಲವು ರೋಗಾಣುಗಳು ಪೆನಿಸಿಲಿನ್ನನ್ನೇ ಒಡೆದುಹಾಕುವ ಕಿಣ್ವ ತಯಾರಿಸುತ್ತವೆ, ಅದನ್ನು ಇದು ತಡೆಯುತ್ತದೆ. 4.5 ಗ್ರಾಂ ಬಾಟಲಿಯಲ್ಲಿ 4 ಗ್ರಾಂ ಪೈಪರಾಸಿಲಿನ್, ಉಳಿದ ಅರ್ಧ ಗ್ರಾಂ ಟಾಜೊಬ್ಯಾಕ್ಟಮ್. ರಕ್ತನಾಳಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ನಿಧಾನವಾಗಿ ಹರಿಸುತ್ತಾರೆ. "ಬೇಗ ಮುಗಿಸಿ, ಬಸ್ಸಿದೆ" ಅಂತ ಅವಸರ ಮಾಡುವವರನ್ನು ನಾವು ನೋಡಿದ್ದೇವೆ.

ಭೇದಿ, ವಾಕರಿಕೆ, ತಲೆನೋವು, ನಿದ್ದೆ ಬಾರದಿರುವುದು, ಸೂಜಿ ಹಾಕಿದ ಕಡೆ ನೋವು, ಇವೆಲ್ಲ ಕಂಡುಬರುತ್ತವೆ. ಆದರೆ ನೀರಿನಂಥ ಭೇದಿ ನಿಲ್ಲದಿದ್ದರೆ, ರಕ್ತ ಬಿದ್ದರೆ, ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗಬೇಡಿ, ಡಾಕ್ಟರ ಬಳಿ ಹೋಗಿ. ಕೋರ್ಸ್ ಮುಗಿದು ಎರಡು ತಿಂಗಳಾದ ಮೇಲೂ ಹೀಗಾಗಬಹುದು. ದಿನಗಟ್ಟಲೆ ಕೊಡುವಾಗ ರಕ್ತಕಣಗಳೂ ಪೊಟ್ಯಾಸಿಯಮ್ಮೂ ಇಳಿಯುವುದುಂಟು, ಪದೇ ಪದೇ ರಕ್ತಪರೀಕ್ಷೆ ಬರೆಯುವುದು ಅದಕ್ಕೇ. ದುಡ್ಡು ಹೊಡೆಯಲು ಅಂತ ಸುಮ್ಮನೆ ಬೈಯಬೇಡಿ.

ಕಿಡ್ನಿ ತೊಂದರೆ ಇದ್ದರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ. ಈ ಔಷಧಿಯಲ್ಲಿ ಸೋಡಿಯಂ ಇರುವುದರಿಂದ ಉಪ್ಪು ಬಿಡಲು ಹೇಳಿಸಿಕೊಂಡ ಹೃದಯರೋಗಿಗಳೂ ಅದನ್ನು ತಿಳಿಸಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಮುಚ್ಚಿಡಬೇಡಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ನಾಚಿಕೆಯಿಂದ ಸುಮ್ಮನಿರುವುದೂ ಬೇಡ. ಇನ್ನು ಜ್ವರ ಇಳಿಯಿತು ಅಂತ ಮೂರನೇ ದಿನವೇ ಡಿಸ್ಚಾರ್ಜ್ ಬರೆಸಿಕೊಂಡು ಮನೆಗೆ ಓಡುವುದು ನಮ್ಮವರ ದೊಡ್ಡ ಕಾಯಿಲೆ.

ನಮ್ಮ ಬಂಧುವಿನ ಕಾಲು ಬೇರೆ ಔಷಧಿಯಲ್ಲಿ ವಾಸಿಯಾಯಿತು. ಹೊರಡುವ ದಿನ ಔಷಧಿಯ ಹೆಸರನ್ನು ಡಾಕ್ಟರಿಂದಲೇ ಬರೆಸಿಕೊಂಡೆವು. ಆ ಚೀಟಿ ಈಗ ಅವರ ಆಧಾರ್ ಕಾರ್ಡಿನ ಜೊತೆಯಲ್ಲೇ ಇದೆ, ಅದರ ಫೋಟೋ ಮಕ್ಕಳೆಲ್ಲರ ಮೊಬೈಲಿನಲ್ಲೂ ಇದೆ.