ದೇವರಕಾಡಿನಲ್ಲಿ ಒಂದು ಪೂರ್ವಾಹ್ನ

ಅಚ್ಚುಕೂಟದ ಸದ್ದಿನ ನಡುವೆ ಮೂವತ್ತು ವರುಷ ಕಳೆದವರಿಗೆ ಮೌನವೆಂಬುದು ನಿಘಂಟಿನಲ್ಲಿರುವ ಒಂದು ಪದ ಮಾತ್ರವಾಗಿಬಿಡುವುದು ಸಹಜ. ಕಳೆದ ಬೇಸಗೆಯ ಕೊನೆಯಲ್ಲಿ ಮಿತ್ರರೊಬ್ಬರ ಮನೆಯ ಮಂಗಳಕಾರ್ಯದ ನಿಮಿತ್ತ ದಕ್ಷಿಣ ಕೊಡಗಿನ ಪೊನ್ನಂಪೇಟೆಯ ಸಮೀಪದ ಗ್ರಾಮವೊಂದಕ್ಕೆ ಹೋಗಿದ್ದೆವು. ಆ ಪದಕ್ಕೆ ಅರ್ಥವೂ ಉಂಟೆಂಬುದು ಅಲ್ಲಿ ನಮಗೆ ಮತ್ತೊಮ್ಮೆ ತಿಳಿದುಬಂದಿತು. ಅದನ್ನು ವಾಚಕರಲ್ಲಿ ನಿವೇದಿಸಿಕೊಳ್ಳುವುದಕ್ಕಾಗಿ ಇಂದು ರಾಜಕಾರಣದ ಪ್ರಸ್ತಾಪವನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟಿದ್ದೇವೆ.

ಮದುವೆಯ ಮರುದಿನ ಬೆಳಗ್ಗೆ ಊರಿನ ದೇವತಕ್ಕರು, ಎಂದರೆ ದೇವಕಾರ್ಯಗಳಿಗೆ ಮುಖ್ಯಸ್ಥರಾದ ಹಿರಿಯರು, ನಮ್ಮನ್ನು ಕರೆದುಕೊಂಡು ಹೊರಟರು. ದಾರಿಯು ಕಾಫಿಯ ತೋಟಗಳ ನಡುವೆ ಹಾದುಹೋಗುತ್ತದೆ. ತೋಟದ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರಗಳು ಸಿಪಾಯಿಗಳಂತೆ ಸಾಲುಗಟ್ಟಿ ನಿಂತಿದ್ದವು. ಆಸ್ಟ್ರೇಲಿಯ ಖಂಡದಿಂದ ಬಂದ ಈ ಮರವು ಬೇಗನೆ ಬೆಳೆದು ಬೇಗನೆ ಹಣವಾಗುತ್ತದೆ. ಸಾಲುಗಳು ಮುಗಿದಲ್ಲಿ, ಹಗಲಿನ ಮಧ್ಯದಲ್ಲಿಯೇ ಸಂಜೆಯ ತುಂಡೊಂದು ಉಳಿದುಹೋದಂತೆ, ಕಪ್ಪಾದ ಒಂದು ಕಾಡು ಎದುರಾಯಿತು. ತಕ್ಕರು ಪಾದರಕ್ಷೆಗಳನ್ನು ಬಿಟ್ಟರು, ನಾವೂ ಬಿಟ್ಟೆವು.

ಹತ್ತು ಹೆಜ್ಜೆ ಒಳಗಿಟ್ಟೊಡನೆ ಬಿಸಿಲಿನ ಬೇಗೆ ಹಿಂದೆ ಉಳಿಯಿತು. ಕಾಲಿನ ಕೆಳಗೆ ತರಗೆಲೆಯ ಮೆತ್ತೆ. ಅದರ ಕೆಳಗಿನ ಮಣ್ಣು ಆ ಒಣ ದಿನಗಳಲ್ಲಿಯೂ ತೇವವಾಗಿತ್ತು. ನಾಲ್ವರು ಕೈಜೋಡಿಸಿದರೂ ತಬ್ಬಲಾಗದ ನೇರಳೆ, ಹೆಬ್ಬಲಸು, ಕಾಡುಮಾವು, ಸಂಪಿಗೆಯ ಮರಗಳು. ಅವುಗಳಿಗೆ ತೊಡರಿಕೊಂಡ, ಮನುಷ್ಯನ ತೊಡೆಯಷ್ಟು ದಪ್ಪವಾದ ಬಳ್ಳಿಗಳು. ನಡುವೆ ಗೋಪುರವಿಲ್ಲ, ಗರ್ಭಗುಡಿಯಿಲ್ಲ. ಹಾವಸೆಗಟ್ಟಿದ ಒಂದು ಕಲ್ಲಿನ ಕಟ್ಟೆ. ಅದರ ಸುತ್ತಲೂ ಸುಟ್ಟ ಮಣ್ಣಿನ ನಾಯಿಗಳ ರಾಶಿ. ಕೆಲವು ಹೊಸವು, ಕೆಲವು ಕಿವಿಮುರಿದವು, ಕೆಲವು ಮತ್ತೆ ಮಣ್ಣಾಗುತ್ತಿದ್ದವು. ಬೇಟೆಯ ದೇವನಾದ ಅಯ್ಯಪ್ಪನಿಗೆ ಕೊಡಗಿನ ಜನರು ಒಪ್ಪಿಸುವ ಹರಕೆ ಇದು. ಬೇಟೆಯ ದೇವನ ಕಾಡಿನಲ್ಲಿಯೇ ಬೇಟೆ ನಿಷಿದ್ಧವೆಂಬುದು ಅಲ್ಲಿಯ ಕಟ್ಟಳೆ!

ಆ ಕಾಡು ಮೌನವಾಗಿತ್ತೆಂದರೆ ಶಬ್ದವಿಲ್ಲದೆ ಇತ್ತೆಂದಲ್ಲ. ಎಲ್ಲಿಯೋ ನೀರು ಜಿನುಗುವ ಸದ್ದು. ಮೇಲೆ ಮಂಗಟ್ಟೆ ಹಕ್ಕಿಯೊಂದು ಹಾರಿದಾಗ ಹಳೆಯ ಉಗಿಬಂಡಿಯ ಉಸಿರಿನಂತಹ ರೆಕ್ಕೆಯ ಸದ್ದು. ಇಲ್ಲದಿದ್ದುದು ಮನುಷ್ಯನ ಸದ್ದು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಈ ಮೌನವು ತಾನಾಗಿ ಉಳಿದುದಲ್ಲ, ಯಾರೋ ಉಳಿಸಿದ್ದು ಎಂಬ ಭಾವನೆಯು ಆಗ ನಮ್ಮ ಮನಸ್ಸಿಗೆ ಬಂದಿತು. ಈ ಲೇಖನದ ತಾತ್ಪರ್ಯವೆಲ್ಲವೂ ಅದೇ.

ಕೊಡಗಿನಲ್ಲಿ ಇಂತಹ ದೇವರಕಾಡುಗಳು ಸರಕಾರದ ಲೆಕ್ಕದ ಪ್ರಕಾರ 1,214 ಇವೆ. ಸುಮಾರು 4,100 ಚದರ ಕಿಲೋಮೀಟರು ವಿಸ್ತಾರದ ಆ ಸಣ್ಣ ನಾಡಿನಲ್ಲಿ, ಸರಾಸರಿಯಾಗಿ ಮೂರೂವರೆ ಚದರ ಕಿಲೋಮೀಟರಿಗೆ ಒಂದು ಕಾಡು ದೇವರದಾಗಿದೆಯೆಂದಾಯಿತು. ಇವನ್ನು ಕಾಯ್ದವರು ಯಾರು? ಗಾರ್ಡುಗಳಲ್ಲ, ತಂತಿಯ ಬೇಲಿಯಲ್ಲ. ಹಬ್ಬಕ್ಕೆ ಮುನ್ನ ಊರಿಗೆಲ್ಲ ‘ಕಟ್ಟು’ ಬೀಳುತ್ತದೆ. ಆ ದಿನಗಳಲ್ಲಿ ಪ್ರಾಣಿಹಿಂಸೆಯಿಲ್ಲ, ಹಸಿಮರಕ್ಕೆ ಕೊಡಲಿಯಿಲ್ಲ. ದೇವರಕಾಡಿಗಾದರೋ ವರ್ಷವಿಡೀ ಕಟ್ಟು. ಮನೆ ಸೋರುತ್ತಿದ್ದರೂ ಅಲ್ಲಿಂದ ಒಂದು ತೊಲೆಯನ್ನು ತರಲಾರದೆ ಬದುಕಿದ ಬಡವರು ಎಷ್ಟು ತಲೆಮಾರು ಇದ್ದರೋ! ಅವರ ಸಂಯಮವೇ ಇಂದು ನಮ್ಮ ಕಣ್ಣಿಗೆ ಮರವಾಗಿ ತೋರುತ್ತಿದೆ.

“ಇದು ಭಕ್ತರ ವಿಷಯ, ಪಟ್ಟಣದವರಾದ ನಮಗೇನು?” ಎಂದು ಕೇಳುವವರಿರಬಹುದು. ಅವರಿಗೆ ಎರಡು ಸಂಗತಿಗಳನ್ನು ಅರಿಕೆ ಮಾಡುತ್ತೇವೆ. ಆ ಪ್ರಾಂತದ ನೀರನ್ನು ಕೂಡಿಸಿಕೊಳ್ಳುವ ಲಕ್ಷ್ಮಣತೀರ್ಥವು ಕನ್ನಂಬಾಡಿಯ ಜಲಾಶಯದಲ್ಲಿ ಕಾವೇರಿಯನ್ನು ಸೇರುತ್ತದೆ. 1974ರಿಂದ ಬೆಂಗಳೂರಿನ ನಲ್ಲಿಗಳಲ್ಲಿ ಬರುತ್ತಿರುವುದು ಆ ಕಾವೇರಿಯೇ. ಕಾಡಿನ ತರಗೆಲೆಯು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಟ್ಟ ನೀರಿನಲ್ಲಿ ಒಂದು ಪಾಲನ್ನು ನಾವು ಬೆಳಗಿನ ಕಾಫಿಗೆ ಕಾಯಿಸುತ್ತೇವೆ. ಎರಡನೆಯದು, ಆ ಕಾಫಿಯದೇ ಮಾತು. ರೊಬಸ್ಟಾ ಕಾಫಿಯ ಹೂವು ತನ್ನದೇ ಗಿಡದ ಪರಾಗದಿಂದ ಕಾಯಿಕಟ್ಟಲಾರದು. ಬೇರೆ ಗಿಡದ ಪರಾಗವನ್ನು ತಂದುಕೊಡಲು ಜೇನು ಬೇಕು. ಅವುಗಳಲ್ಲಿ ಮುಖ್ಯವಾದ ಹೆಜ್ಜೇನು ಗೂಡು ಕಟ್ಟುವುದಕ್ಕೆ ಎತ್ತರವಾದ ಹಳೆಯ ಮರಗಳನ್ನು ಹುಡುಕುತ್ತದೆ. ಮಂಗಟ್ಟೆಯ ಸಂಸಾರವೂ ಹಾಗೆಯೇ. ಮುದಿಮರದ ಪೊಟರೆಯೊಳಗೆ ಹೆಣ್ಣುಹಕ್ಕಿಯು ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಯಿಡುವುದು, ಗಂಡು ಒಂದು ಸಣ್ಣ ಸಂದಿಯಿಂದ ಹಣ್ಣನ್ನು ತಂದುಣಿಸುವುದು. ಪೊಟರೆಯಾಗಬೇಕಾದರೆ ಮರಕ್ಕೆ ಮುಪ್ಪು ಬರಬೇಕು. ಮುಪ್ಪಿನವರೆಗೆ ಮರವನ್ನು ಬಾಳಗೊಡುವ ಸ್ಥಳಗಳು ನಾಡಿನಲ್ಲಿ ಎಷ್ಟಿವೆ?

ಇನ್ನು ಕಹಿಯಾದ ಲೆಕ್ಕಕ್ಕೆ ಬರೋಣ. 1873ರಲ್ಲಿ ಕೊಡಗಿನ ದೇವರಕಾಡುಗಳ ವಿಸ್ತಾರ 15,506 ಎಕರೆ. 1905ಕ್ಕೆ 10,865 ಎಕರೆ. 1985ರ ವೇಳೆಗೆ 6,299 ಎಕರೆ. ಎಂದರೆ ನೂರ ಹನ್ನೆರಡು ವರುಷಗಳಲ್ಲಿ ನೂರಕ್ಕೆ ಅರುವತ್ತು ಪಾಲು ಮಾಯವಾಯಿತು. ಉಳಿದುದನ್ನು ಹಂಚಿದರೆ ಒಂದೊಂದು ಕಾಡಿಗೆ ಸರಾಸರಿ ಐದೇ ಎಕರೆ. ದೊರೆತನವನ್ನೆಲ್ಲ ಪರಕೀಯರ ತಲೆಗೆ ಕಟ್ಟಿ ನಾವು ನಿರಾಳವಾಗಿರುವಂತಿಲ್ಲ. ನಷ್ಟದ ಒಂದು ದೊಡ್ಡ ಪಾಲು ನಮ್ಮದೇ ಸರಕಾರ, ನಮ್ಮದೇ ಕಾನೂನು, ನಮ್ಮದೇ ಜನರ ಕಾಲದಲ್ಲಿ ಆಗಿರಲೂ ಸಾಕು. ಈ ಕಾಡುಗಳ ಆಡಳಿತವು ಬಹುಕಾಲ ಕಂದಾಯ ಇಲಾಖೆಯ ಕೈಯಲ್ಲಿದ್ದು, 1985ರಲ್ಲಿ ಅರಣ್ಯ ಇಲಾಖೆಗೆ ಮರಳಿತು. ಕಂದಾಯದ ಕಣ್ಣಿಗೆ ಸಾಗುವಳಿಯಿಲ್ಲದ ಭೂಮಿ ಖಾಲಿ ಭೂಮಿ. ಕಾಗದದಲ್ಲಿ ಖಾಲಿಯೆಂದಾದುದನ್ನು ನೆಲದ ಮೇಲೆ ಖಾಲಿಮಾಡಲು ಎಷ್ಟು ಹೊತ್ತು? ತೋಟದ ಎಲ್ಲೆಯು ವರುಷಕ್ಕೆ ಒಂದು ಮಾರು ಸರಿಯಿತು, ಊರಿನವನೇ ಸರಿಸಿದನು, ಬೇಲಿಯೇ ಎದ್ದು ಹೊಲ ಮೇಯ್ದಿತು.

ಆದರೆ ಆ ಬೆಳಗ್ಗೆ ನಾವು ಕಂಡದ್ದು ಒತ್ತುವರಿಯನ್ನಲ್ಲ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವನ್ನು. ಹಿಂದಿರುಗುವಾಗ ಕೆಲವು ಮರಗಳ ಬುಡದಲ್ಲಿ ಸುಣ್ಣದ ಗುರುತುಗಳಿದ್ದವು. ಎಣಿಸಿದರೆ ಹನ್ನೊಂದು. ಏನೆಂದು ಕೇಳಿದೆವು. ತಕ್ಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಜೋಬಿನಿಂದ ಒಂದು ನಕ್ಷೆಯನ್ನು ತೆಗೆದರು. ಕಾಂಕ್ರೀಟಿನ ಗುಡಿ, ಅದರ ಮುಂದೆ ಸಭಾಮಂಟಪ, ಪಾಕಶಾಲೆ, ವಾಹನಗಳನ್ನು ನಿಲ್ಲಿಸುವ ಬಯಲು. “ಊರಿನ ಹುಡುಗರು ಪಟ್ಟಣಗಳಲ್ಲಿ ದುಡಿಯುತ್ತಿದ್ದಾರೆ. ನಮ್ಮ ದೇವರೊಬ್ಬನೇ ಮಳೆಯಲ್ಲಿ ನೆನೆಯಬೇಕೆ ಎನ್ನುತ್ತಾರೆ. ಹಣವನ್ನೂ ಕೂಡಿಸಿದ್ದಾರೆ. ತಮ್ಮ ಪತ್ರಿಕೆಯಲ್ಲಿ ಒಂದು ವಿಜ್ಞಾಪನೆ ಹಾಕಿದರೆ ಇನ್ನಷ್ಟು ಕೂಡೀತು,” ಎಂದರು. ಹಾಗೆಂದವರು ಕಟ್ಟೆಯ ಕಡೆಗೆ ತಿರುಗಿ, “ನಮ್ಮ ಅಜ್ಜಂದಿರು ಮಾತ್ರ ದೇವರಿಗೆ ಮನೆ ಕಟ್ಟಲಿಲ್ಲ. ಇದೇ ಅವನ ಮನೆ ಎಂದಿದ್ದರು,” ಎಂದರು.

ಆ ಹುಡುಗರನ್ನು ನಾವು ಹಳಿಯಲಾರೆವು. ಅವರದು ಕಪಟವಿಲ್ಲದ ಭಕ್ತಿ. ಅಲ್ಲದೆ ನಮ್ಮ ಪತ್ರಿಕೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಜೀರ್ಣೋದ್ಧಾರಗಳ, ಕುಂಭಾಭಿಷೇಕಗಳ ಎಷ್ಟೋ ವರ್ತಮಾನಗಳನ್ನು ಚಿತ್ರಸಹಿತವಾಗಿ ಸಂತೋಷದಿಂದ ಅಚ್ಚುಹಾಕಿದ್ದೇವೆ. ಆ ಸ್ಥಳದಲ್ಲಿ ಮೊದಲು ಏನಿತ್ತೆಂದು ಒಂದು ಸಲವಾದರೂ ಕೇಳಿದವರಲ್ಲ. ನಾವು ಅಚ್ಚುಹಾಕುವ ಕಾಗದವೂ ಒಂದು ಕಾಲಕ್ಕೆ ಎಲ್ಲಿಯೋ ಮರವಾಗಿ ನಿಂತಿದ್ದುದೇ ಅಲ್ಲವೆ? ಆದಕಾರಣ ತಕ್ಕರ ಮುಂದೆ ಉಪದೇಶಕ್ಕೆ ತೊಡಗದೆ ಇಷ್ಟನ್ನು ಮಾತ್ರ ಹೇಳಿದೆವು: ವಿಜ್ಞಾಪನೆಯನ್ನು ಹಾಕುತ್ತೇವೆ, ನಮ್ಮ ಕಾಣಿಕೆಯನ್ನೂ ಸಲ್ಲಿಸುತ್ತೇವೆ, ಆದರೆ ಅದು ಎಲ್ಲೆಯ ಕಲ್ಲುಗಳಿಗೆ ಆಗಲಿ. ಮಂಟಪವು ಬೇಕೇ ಬೇಕೆಂದಾದರೆ ರಸ್ತೆಯ ಬದಿಯಲ್ಲಿ, ಕಾಡಿನ ಹೊರಗೆ ಏಳಲಿ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಸಭೆಯಲ್ಲಿ ಹೇಳಿನೋಡುತ್ತೇನೆ,” ಎಂದರು.

ಸರಕಾರದ ಕರ್ತವ್ಯವೂ ಇಲ್ಲಿ ಸ್ಪಷ್ಟವಾಗಿದೆ. 2024ರ ಡಿಸೆಂಬರಿನಲ್ಲಿ ರಾಜಸ್ಥಾನದ ದೇವರಕಾಡುಗಳ ವಿಷಯವಾಗಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಒಂದೊಂದು ಕಾಡನ್ನೂ ಸ್ಥಳದಲ್ಲಿ ಅಳೆದು ಗುರುತಿಸಬೇಕೆಂದು ಆ ರಾಜ್ಯಕ್ಕೆ ಆಜ್ಞಾಪಿಸಿದೆ. ದೇಶಕ್ಕೆಲ್ಲ ಅನ್ವಯಿಸುವ ಒಂದು ನೀತಿಯನ್ನು ರಚಿಸುವಂತೆ ಕೇಂದ್ರ ಸರಕಾರಕ್ಕೂ ಸೂಚಿಸಿದೆ. ಕರ್ನಾಟಕದ ಅಧಿಕಾರಿಗಳು ತಮಗೂ ಅಂತಹ ಆಜ್ಞೆ ಬರಲೆಂದು ಕಾದಿರಬೇಕಾದುದೇನೂ ಇಲ್ಲ. ಎಲ್ಲೆಯನ್ನು ಅಳೆಯಲಿ, ಕಲ್ಲನ್ನು ನೆಡಲಿ, ನಕ್ಷೆಯನ್ನು ಗ್ರಾಮದ ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಲಿ. ಆದರೆ ಊರಿನವರನ್ನು ಹೊರಗಿಟ್ಟು ಕಾಯುವ ಪ್ರಯತ್ನವನ್ನು ಮಾತ್ರ ಮಾಡದಿರಲಿ. ಕಾಡು ದೇವರದು ಎಂದಿದ್ದಾಗ ಅದು ಎಲ್ಲರದೂ ಆಗಿತ್ತು. ಇಲಾಖೆಯದು ಎಂದಾದಾಗ ಯಾರದೂ ಅಲ್ಲವೆಂದಾಯಿತು. ಅಳತೆಯ ಸರಪಣಿ ಸರಕಾರದ್ದಾಗಿರಲಿ, ಕಾವಲಿನ ಕಣ್ಣು ಊರಿನದಾಗಿರಲಿ.

ಪಟ್ಟಣದ ವಾಚಕರಿಗೂ ಒಂದು ಮಾತು. ರಜೆಯ ದಿನಗಳಲ್ಲಿ ಕೊಡಗಿಗೆ ಹೋಗುವವರು ಈಗ ಬಹುಮಂದಿ. ದೇವರಕಾಡಿಗೆ ಹೋಗಬೇಡಿರೆಂದು ನಾವು ಹೇಳೆವು. ಊರಿನವರು ಕರೆದೊಯ್ದರೆ ಹೋಗಿ ಬನ್ನಿರಿ. ಪಾದರಕ್ಷೆಯನ್ನೂ ಧ್ವನಿಯನ್ನೂ ಹೊರಗೆ ಬಿಟ್ಟು ಹೋಗಿರಿ. ಏನನ್ನೂ ತರಬೇಡಿರಿ, ಏನನ್ನೂ ಬಿಟ್ಟುಬರಬೇಡಿರಿ.

ಈ ವಾರ ತಕ್ಕರಿಂದ ಒಂದು ಪತ್ರ ಬಂದಿದೆ. ಸಭೆಯಲ್ಲಿ ಎರಡು ಪಕ್ಷಗಳಾಗಿ, ತೀರ್ಮಾನವನ್ನು ಮಳೆಗಾಲ ಕಳೆಯುವವರೆಗೆ ಮುಂದೂಡಿದ್ದಾರಂತೆ. ಈ ಸಲ ಮಳೆ ಜೋರಾಗಿಯೇ ಹಿಡಿದಿದೆ. ಸುಣ್ಣದ ಗುರುತುಗಳು ತೊಳೆದುಹೋಗಿವೆ. ಇದುವರೆಗೆ ಯಾರೂ ಮತ್ತೆ ಬಳಿದಿಲ್ಲ ಎಂದು ಬರೆದಿದ್ದಾರೆ. ಮಳೆ ನಿಲ್ಲುವುದರೊಳಗೆ ಆ ಊರಿನ ಯುವಕರ ಕೈಗೆ ಈ ಸಂಚಿಕೆಯು ತಲುಪಲೆಂದು ಹಾರೈಸುತ್ತೇವೆ.