ಬಿಸಿಲನ್ನು ಗುತ್ತಿಗೆಗೆ ಕೊಟ್ಟ ಊರುಗಳು

ಪಾವಗಡ ಪಟ್ಟಣ ಬಿಟ್ಟು ತಿರುಮಣಿಯ ಕಡೆ ಹೊರಟರೆ ಮೊದಲು ಎದುರಾಗುವುದು ಬಂಡೆಗುಡ್ಡ, ಕೆಂಪು ನೆಲ, ಜಾಲಿ, ಅಲ್ಲೊಂದು ಇಲ್ಲೊಂದು ಹುಣಸೆಮರ. ತುಮಕೂರು ಜಿಲ್ಲೆಗೆ ಸೇರಿದ್ದರೂ ಆಂಧ್ರದ ಒಡಲೊಳಗೆ ಚಾಚಿಕೊಂಡಿರುವ ತಾಲ್ಲೂಕು ಇದು. ಚಹಾದಂಗಡಿಯ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ನಾಗಲಮಡಿಕೆ ಹೋಬಳಿ ಹೊಕ್ಕಮೇಲೆ ನೆಲದ ಬಣ್ಣವೇ ಬೇರೆ. ಶೇಂಗಾ ಬಿತ್ತಲು ಸಾಲು ಹೊಡೆಯುತ್ತಿದ್ದ ಹೊಲಗಳಲ್ಲಿ ಈಗ ಸೋಲಾರ್ ಪ್ಲೇಟುಗಳ ಸಾಲು. ದಕ್ಷಿಣಕ್ಕೆ ಮುಖ ಮಾಡಿ, ತುಸು ಓರೆಯಾಗಿ, ಗುಡ್ಡದ ಬುಡದಿಂದ ಗುಡ್ಡದ ಬುಡದವರೆಗೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಹೀಗೆ ಗಾಜು ಹೊದ್ದುಕೊಂಡಿದೆ. ಸರ್ಕಾರ ಇಟ್ಟ ಹೆಸರು ‘ಶಕ್ತಿಸ್ಥಳ’. ಊರವರಿಗೆ ಇದು ಬರೀ ‘ಸೋಲಾರ್’.

ಇಲ್ಲಿ ದಿನದ ಕೆಲಸ ಶುರುವಾಗುವುದೇ ಧೂಳಿನಿಂದ. ಮಳೆ ಕಾಣದ ನೆಲದ ಮಣ್ಣು ಗಾಳಿಗೆದ್ದು ಗಾಜಿನ ಮೇಲೆ ತೆಳುವಾಗಿ ಕೂತರೂ ಸಾಕು, ಹುಟ್ಟುವ ಕರೆಂಟು ಇಳಿಯುತ್ತದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ. ಹಾಗಾಗಿ ತೊಳೆಯುವುದೇನಿದ್ದರೂ ಬಿಸಿಲೇರುವ ಮೊದಲು. ಈಗೀಗ ಕೆಲವು ಕಡೆ ನೀರಿಲ್ಲದೆ ಒರೆಸುವ ಯಂತ್ರಗಳು ಸಾಲಿನುದ್ದಕ್ಕೂ ಉರುಳುತ್ತವೆ. ಕುಡಿಯುವ ನೀರಿಗೂ ಕೊಳವೆಬಾವಿಯ ಆಳ ನೋಡಬೇಕಾದ, ಸಿಕ್ಕ ನೀರಿನಲ್ಲೂ ಫ್ಲೋರೈಡ್ ತುಂಬಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಪ್ಲೇಟಿನ ಇನ್ನೊಂದು ಗುಣವೂ ಇಲ್ಲೇ ತಿಳಿಯುತ್ತದೆ. ಅದಕ್ಕೆ ಬೆಳಕು ಬೇಕು, ಕಾವು ಬೇಡ. ಏಪ್ರಿಲ್‌ನ ಉರಿಯಲ್ಲಿ ನೆತ್ತಿ ಸುಡುತ್ತಿದ್ದರೂ, ಕಾವು ಏರಿದಷ್ಟೂ ಉತ್ಪಾದನೆ ತುಸುತುಸುವೇ ಕುಗ್ಗುತ್ತದೆ.

ಆರು ದಶಕಗಳಲ್ಲಿ ಐವತ್ತಕ್ಕೂ ಹೆಚ್ಚು ಸಲ ಬರಪೀಡಿತವೆಂದು ಘೋಷಣೆಯಾದ ತಾಲ್ಲೂಕು ಎಂದು ಪಾವಗಡದ ಲೆಕ್ಕ ಹೇಳುತ್ತಾರೆ. ಶೇಂಗಾ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತುವುದು ಇಲ್ಲಿ ವಾಡಿಕೆಯಾಗಿತ್ತು. ಅಂಥ ರೈತರ ಬಳಿಗೆ 2015ರಲ್ಲಿ ಹುಟ್ಟಿದ ಸೋಲಾರ್ ನಿಗಮ ಬಂದದ್ದು ಭೂಸ್ವಾಧೀನದ ನೋಟಿಸು ಹಿಡಿದು ಅಲ್ಲ, ಗುತ್ತಿಗೆ ಪತ್ರ ಹಿಡಿದು. ಪಹಣಿಯಲ್ಲಿ ಹೆಸರು ರೈತನದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ನೆಲ ಒಟ್ಟುಗೂಡಿಸಿ, ರಸ್ತೆ ಹಾಕಿ, ಸಬ್‌ಸ್ಟೇಷನ್ ಕಟ್ಟಿ, ಲೈನ್ ಎಳೆದುಕೊಟ್ಟದ್ದು ಸರ್ಕಾರಿ ಸಂಸ್ಥೆಗಳು. ಸಿದ್ಧವಾದ ಜಾಗಕ್ಕೆ ಕಂಪನಿಗಳು ಹರಾಜಿನಲ್ಲಿ ಬಂದು ಪ್ಲೇಟು ಹೂಡಿದವು. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಪೂರ್ತಿ 2,050 ಮೆಗಾವಾಟ್. ಒಂದು ದೇಶ ತನ್ನ ಹಸಿರು ವಿದ್ಯುತ್ತನ್ನು ಬೇಗ ಹೆಚ್ಚಿಸಿಕೊಳ್ಳುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಗುತ್ತಿಗೆ ಪತ್ರವನ್ನು, ಆಮೇಲೆ ಪ್ಲೇಟನ್ನು. ಪ್ಲೇಟು ದುಡ್ಡು ಕೊಟ್ಟರೆ ಎಲ್ಲಿಂದಲಾದರೂ ಬರುತ್ತದೆ. ನೆಲ ಹಾಗೆ ಬರುವುದಿಲ್ಲ.

ಆದರೆ ಆ ಪತ್ರದಲ್ಲಿ ಹೆಸರಿಲ್ಲದವರೂ ಇದೇ ಊರುಗಳಲ್ಲಿದ್ದಾರೆ. ಕಳೆ ಕೀಳಲು, ಶೇಂಗಾ ಬಿಡಿಸಲು ಕೂಲಿಗೆ ಹೋಗುತ್ತಿದ್ದ ಹೆಂಗಸರು. ಬೆಳೆ ತೆಗೆದ ಹೊಲದಲ್ಲಿ ಕುರಿ ಬಿಡುತ್ತಿದ್ದವರು. ಸರ್ಕಾರಿ ಜಮೀನನ್ನು ಬಗರ್ ಹುಕುಂ ಉಳುತ್ತಾ ಹಕ್ಕುಪತ್ರಕ್ಕೆ ಕಾದಿದ್ದವರು. ತಂತಿಬೇಲಿ ಎದ್ದಾಗ ಇವರ ಪಾಲಿಗೆ ಬಾಡಿಗೆ ಬರಲಿಲ್ಲ, ಇದ್ದ ಕೂಲಿಯೂ ಹೋಯಿತು. ಹುಲ್ಲು ಕೀಳುವ, ಪ್ಲೇಟು ಒರೆಸುವ, ಗೇಟು ಕಾಯುವ ಕೆಲಸ ಕೆಲವರಿಗೆ ಸಿಕ್ಕಿದೆ. ಹೊಲದಷ್ಟು ಕೈಗಳಿಗೆ ಸೋಲಾರ್ ಕೆಲಸ ಕೊಡಲಾರದು. ಹತ್ತು ಎಕರೆ ಇದ್ದವನಿಗೆ ಮಳೆಯ ಚಿಂತೆ ತಪ್ಪಿತು, ಎಕರೆಯೇ ಇಲ್ಲದವನಿಗೆ ಊರಿನ ಚಿಂತೆ ಹತ್ತಿತು. ಇದನ್ನು ಅಭಿವೃದ್ಧಿಯ ಸಣ್ಣ ಖರ್ಚೆಂದು ಬರೆದುಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಧ್ಯಾಹ್ನ ಇನ್ವರ್ಟರ್ ಕೋಣೆಗಳ ಗುಂಯ್‌ಗುಡುವಿಕೆ ತಾರಕಕ್ಕೇರಿರುತ್ತದೆ. ತಂತಿಗಳು ಹೊತ್ತು ಸಾಗಿಸುವಷ್ಟನ್ನು ಸಾಗಿಸುತ್ತವೆ. ಸಂಜೆ ನಾಲ್ಕರ ನಂತರ ಇಳಿಮುಖ. ಬೆಂಗಳೂರಿನಲ್ಲಿ ಮನೆಮನೆಯ ದೀಪ, ಫ್ಯಾನು, ಟಿವಿ ಹೊತ್ತಿಕೊಳ್ಳುವ ಹೊತ್ತಿಗೆ ಇಲ್ಲಿನ 2,050 ಮೆಗಾವಾಟ್ ಸೊನ್ನೆಗೆ ಬಂದಿರುತ್ತದೆ. ಆ ಹೊತ್ತಿನ ಬೇಡಿಕೆಗೆ ಈಗಲೂ ನೀರು, ಗಾಳಿ, ಕಲ್ಲಿದ್ದಲನ್ನೇ ನಂಬಬೇಕು. ಹಗಲಿನ ಕರೆಂಟನ್ನು ಸಂಜೆಗೆ ಎತ್ತಿಡಲು ಎರಡು ದಾರಿ ಇವೆ: ಬ್ಯಾಟರಿ, ಇಲ್ಲವೇ ನೀರನ್ನು ಕೆಳಗಿನ ಜಲಾಶಯದಿಂದ ಮೇಲಕ್ಕೆ ಪಂಪ್ ಮಾಡಿ ಬೇಕಾದಾಗ ಬಿಡುವುದು. ಶರಾವತಿ ಕಣಿವೆಯಲ್ಲಿ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ಇಂಥದೊಂದು 2,000 ಮೆಗಾವಾಟ್ ಯೋಜನೆಯಿದೆ. ಅದು ಸಿಂಗಳೀಕದ ಕಾಡು. ಬರಡು ನೆಲದ ಬಿಸಿಲನ್ನು ಕೂಡಿಡಲು ಮಲೆನಾಡಿನ ಕಾಡು ಕಡಿಯುವುದಾದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ. ಬ್ಯಾಟರಿಯ ಬೆಲೆ ವರ್ಷ ವರ್ಷ ಇಳಿಯುತ್ತಿರುವಾಗ ಅದನ್ನು ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಇಡಬಹುದು. ಅದಕ್ಕೆ ಮರ ಬೀಳಬೇಕಿಲ್ಲ.

ಹಗಲಿನ ಕರೆಂಟನ್ನು ಹಗಲೇ ಬಳಸುವುದು ಇನ್ನೂ ಸಲೀಸು. ರಾತ್ರಿ ತ್ರೀಫೇಸ್ ಬಂದಾಗ ಟಾರ್ಚು ಹಿಡಿದು, ಹಾವಿಗೆ ಹೆದರುತ್ತಾ ಪಂಪ್‌ಸೆಟ್ಟಿಗೆ ಓಡುವುದು ಬಯಲುಸೀಮೆಯ ರೈತನ ಹಳೆಯ ಪಾಡು. ಈಗ ಕುಸುಮ್ ಯೋಜನೆಯಲ್ಲಿ ಊರಿನ ಸಬ್‌ಸ್ಟೇಷನ್ ಪಕ್ಕದ ಕೆಲವೇ ಎಕರೆಯಲ್ಲಿ ಸಣ್ಣ ಘಟಕ ಹಾಕಿ, ಪಂಪ್‌ಸೆಟ್ಟಿನ ಫೀಡರಿಗೆ ಹಗಲಲ್ಲೇ ವಿದ್ಯುತ್ ಕೊಡುವ ಕೆಲಸ ನಡೆದಿದೆ. ನೂರಾರು ಮೈಲಿ ತಂತಿ ಬೇಡ, ದಾರಿಯಲ್ಲಿ ಸೋರಿಕೆಯೂ ಕಡಿಮೆ.

2030ಕ್ಕೆ ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ 500 ಗಿಗಾವಾಟ್ ವಿದ್ಯುತ್ ಸಾಮರ್ಥ್ಯ ಎಂಬುದು ದೇಶದ ಗುರಿ. ಅದಕ್ಕೆ ಇನ್ನೆಷ್ಟು ತಿರುಮಣಿಗಳು ಬೇಕೋ. ಮುಂದಿನವುಗಳಲ್ಲಿ ಕಂಬಗಳನ್ನು ಆಳೆತ್ತರಕ್ಕೆ ಏರಿಸಿದರೆ ಅಡಿಯ ನೆರಳಲ್ಲಿ ಸೊಪ್ಪು, ಮೇವು ಬೆಳೆಯಬಹುದು. ಬೇಲಿಯೊಳಗೆ ಕುರಿ ಬಿಟ್ಟರೆ ಹುಲ್ಲು ಕೀಳುವ ಖರ್ಚೂ ಉಳಿಯುತ್ತದೆ. ಜಮೀನಿಲ್ಲದ ಮನೆಗಳಿಗೂ ಗುತ್ತಿಗೆಯ ಜೊತೆಗೇ ವರ್ಷಾಶನದಂತೆ ಒಂದು ಪಾಲು ಬರೆಯಬಹುದು. ಇದರಿಂದ ಯೂನಿಟ್ಟಿಗೆ ಕೆಲವು ಪೈಸೆ ಹೆಚ್ಚಬಹುದು. ಆ ಪೈಸೆಯನ್ನು ಸ್ವಿಚ್ಚು ಒತ್ತುವ ನಗರದವರಾದ ನಾವು ಬಿಲ್ಲಿನಲ್ಲಿ ಕಟ್ಟಬೇಕು.