ಮಗುವಿನ ಹಠಕ್ಕೆ ದೊಡ್ಡವರಿಗೆ ಚಿಕಿತ್ಸೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಆಟಿಕೆ ಅಂಗಡಿ ಕಂಡ ನಾಲ್ಕು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಅಮ್ಮ ಗದರುತ್ತಾಳೆ, ಜನ ತಿರುಗಿ ನೋಡತೊಡಗಿದಾಗ ಕೇಳಿದ್ದನ್ನು ಕೊಡಿಸಿಬಿಡುತ್ತಾಳೆ. ರಂಪ ಮಾಡಿದರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಡಿಸಿದರೆ ಗಲಾಟೆ ನಿಲ್ಲುತ್ತದೆ ಎಂದು ಅಮ್ಮನೂ ಕಲಿತಳು. ಹೆತ್ತವರು ಮತ್ತು ಮಕ್ಕಳು ಹೀಗೆ ಪರಸ್ಪರ ಹಠವನ್ನು ಬೆಳೆಸುತ್ತಾರೆ ಎಂದು ವಿವರಿಸಿದವರು ಅಮೆರಿಕದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್.

ಹಾಗಿದ್ದಮೇಲೆ ಮಗುವನ್ನಷ್ಟೇ ತಿದ್ದಲು ಹೊರಟರೆ ಸಾಲದು. 1970ರ ದಶಕದಲ್ಲಿ ಶೀಲಾ ಐಬರ್ಗ್ ರೂಪಿಸಿದ ಚಿಕಿತ್ಸೆಯಲ್ಲಿ 2ರಿಂದ 7 ವರ್ಷದ ಮಗುವಿನೊಡನೆ ತಾಯಿ ಅಥವಾ ತಂದೆ ಆಟಕ್ಕೆ ಕೂರುತ್ತಾರೆ. ಚಿಕಿತ್ಸಕರು ಗಾಜಿನ ಆಚೆ ಕೂತು, ಹೆತ್ತವರ ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಆಗಿಂದಾಗಲೇ ಹೇಳಿಕೊಡುತ್ತಾರೆ. ಮೊದಲ ಹಂತದಲ್ಲಿ ಆಟ ಮಗುವಿನದೇ: ಆಜ್ಞೆ, ಪ್ರಶ್ನೆ, ಟೀಕೆ ಯಾವುದೂ ಕೂಡದು. ಮಗು ಕೆಂಪು ಇಟ್ಟಿಗೆಯ ಮೇಲೆ ನೀಲಿಯದನ್ನು ಇಟ್ಟರೆ, “ನೀಲಿ ಇಟ್ಟಿಗೆ ಇಟ್ಟೆ. ಎಷ್ಟು ನಿಧಾನವಾಗಿ ಜೋಡಿಸ್ತಿದ್ದೀಯ, ಭೇಷ್!” ಎನ್ನಬೇಕು. ಐದು ನಿಮಿಷದಲ್ಲಿ ಇಂಥ ನಿರ್ದಿಷ್ಟ ಮೆಚ್ಚುಗೆ 10, ಮಗುವಿನ ಮಾತನ್ನೇ ಮತ್ತೆ ಹೇಳುವುದು 10, ಮಾಡುತ್ತಿರುವುದರ ವರ್ಣನೆ 10 ಬಂದರೆ ಮಾತ್ರ ಮುಂದಿನ ಹಂತ. ಸುಲಭವೆನಿಸಿದರೆ ಇವತ್ತೇ ಮಾಡಿ ನೋಡಿ, “ಇದೇನು?”, “ಹಾಗಲ್ಲ, ಹೀಗೆ” ಎಂಬ ಮಾತು ಬಾಯಿಂದ ತಾನಾಗಿಯೇ ಜಾರುತ್ತದೆ.

ಎರಡನೇ ಹಂತದಲ್ಲಿ ಶಿಸ್ತು. ಒಮ್ಮೆಗೆ ಒಂದೇ ಸ್ಪಷ್ಟ ಮಾತು, ಕೇಳಿದರೆ ಕೂಡಲೇ ಮೆಚ್ಚುಗೆ, ಕೇಳದಿದ್ದರೆ ಎಚ್ಚರಿಕೆ, ಆಮೇಲೆ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಒಂಟಿಯಾಗಿ ಕೂರಿಸುವುದು. ಹೊಡೆತ, ಬೈಗುಳಕ್ಕೆ ಜಾಗವಿಲ್ಲ.

ನಮ್ಮ ಮನೆಗಳಲ್ಲಿ ಕಷ್ಟವಿರುವುದು ಇನ್ನೊಂದು ಕಡೆ. ಅಮ್ಮ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಡುತ್ತಾರೆ. ಪಾಳಿ ಕೆಲಸದ ಭದ್ರಾವತಿಯಲ್ಲಿ, ರಾತ್ರಿ ಪಾಳಿ ಮುಗಿಸಿದ ಅಪ್ಪ ಹಗಲು ಮಲಗಿದ್ದಾಗ ಮಗುವಿಗೆ ಕೇಳುವುದು “ಸದ್ದು ಮಾಡಬೇಡ” ಒಂದೇ. ಆದ್ದರಿಂದ ಅಜ್ಜಿಯನ್ನೂ ಕಲಿಕೆಗೆ ಸೇರಿಸಿಕೊಳ್ಳಬೇಕು, ಅಪ್ಪನೂ ಎದ್ದ ಮೇಲೆ ಐದು ನಿಮಿಷ ಆಟಕ್ಕೆ ಕೂರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೋವೈದ್ಯ ಅಶೋಕ್ ಪೈ ಅವರು ಮಾನಸ ಸಂಸ್ಥೆಯ ಮೂಲಕ, ‘ಕಾಡಿನ ಬೆಂಕಿ’ಯಂಥ ಸಿನಿಮಾದ ಮೂಲಕ ಮನಸ್ಸಿನ ವಿಷಯವನ್ನು ಜನರ ಮುಂದಿಟ್ಟ ಊರು ಶಿವಮೊಗ್ಗ. ಇಲ್ಲಿ ಮಗುವಿನ ಹಠದ ಬಗ್ಗೆ ವೈದ್ಯರನ್ನು ಕೇಳಲು ನಾಚಿಕೆ ಬೇಡ. ಹೊಡೆಯುವುದು, ಕಚ್ಚುವುದು ತಿಂಗಳುಗಟ್ಟಲೆ ನಿಲ್ಲದಿದ್ದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.